ಸುಶೀಲಕುಮಾರನ ಮೈಲುಗಳು

ಬೀದರಿನಲ್ಲಿ ವಿಮಾನಗಳಿಗೇನೂ ಬರವಿಲ್ಲ. ಬೆಳಗಾದರೆ ಸಾಕು, ವಾಯುಪಡೆಯ ತರಬೇತಿ ವಿಮಾನಗಳು ತಗಡು ಹರಿದಂಥ ಸದ್ದು ಮಾಡುತ್ತ ತಲೆಯ ಮೇಲೆ ಹಾರುತ್ತವೆ. ಒಂದು ದಿನ ಹಾಗೊಂದು ಹಾರಿದಾಗ, ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಅಂಜನಾಬಾಯಿ ಕತ್ತೆತ್ತಿ, "ಸುಶೀಲ್ಯಾ, ಅದರಾಗ ಕೂತೋರಿಗೆ ನಮ್ಮ ಮೆಣಸಿನಕಾಯಿ ಕಾಣ್ತಾವೇನೋ?" ಎಂದು ಮಗನನ್ನು ಕೇಳಿದಳು. ಎಲ್ಲ ಫಜೀತಿ ಶುರುವಾದದ್ದು ಆ ಒಂದು ಮಾತಿನಿಂದ.

ಸುಶೀಲಕುಮಾರ ನೀರಾವರಿ ಕಚೇರಿಯ ಗುಮಾಸ್ತ. ಸಾಯಗಾಂವದ ಪಂಢರಿ ಸಾವಕಾರರ ಹೊಲದಲ್ಲಿ ಕಳೆ ಕಿತ್ತು ತನ್ನನ್ನು ಓದಿಸಿದ ಅವ್ವನನ್ನು ವಿಮಾನದಲ್ಲಿ ನಾಗಪುರದ ದೀಕ್ಷಾಭೂಮಿಗೆ ಕರೆದೊಯ್ಯಬೇಕು, ಮೊದಲ ಸಲ ನೆಲ ಬಿಟ್ಟು ಏಳುವಾಗ ಅವಳ ಮುಖ ಹೇಗಾಗುತ್ತದೆಂದು ಪಕ್ಕದಲ್ಲೇ ಕೂತು ನೋಡಬೇಕು ಎಂದು ಅವನಿಗೆ ಆಸೆ ಹತ್ತಿತು. ಸಂಬಳದಲ್ಲಿ ಆಗುವ ಮಾತಲ್ಲ. ಆಗ ಬ್ಯಾಂಕಿನವನೊಬ್ಬ ಕ್ರೆಡಿಟ್ ಕಾರ್ಡ್ ಕೈಗಿಟ್ಟು, "ಇದನ್ನ ಉಜ್ಜಿದಷ್ಟೂ ಮೈಲು ಜಮಾ ಆಗ್ತಾವ್ರಿ. ಮೈಲು ತುಂಬಿದ್ರ ವಿಮಾನದ ಟಿಕೆಟ್ ಪುಕ್ಕಟೆ" ಎಂದ.

ಅಂದಿನಿಂದ ಸುಶೀಲಕುಮಾರ ಜೋಳ, ಎಣ್ಣೆ, ಪೆಟ್ರೋಲು ಎಲ್ಲವನ್ನೂ ಕಾರ್ಡಿನಲ್ಲೇ ಕೊಂಡ. ಅವ್ವನಿಗೆ ಮಾತ್ರ ಏನೂ ಹೇಳಲಿಲ್ಲ. ಟಿಕೆಟ್ಟನ್ನೇ ಕೈಗಿಟ್ಟು ಬೆರಗಾಗಿಸಬೇಕೆಂದಿದ್ದ. ಆದರೆ ಮೈಲುಗಳು ಮುದಿ ಎತ್ತಿನ ಹಾಗೆ ನಿಧಾನ. ಒಂದು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂತು: ಇವತ್ತೇ ಬಳಸದಿದ್ದರೆ ಹಳೆಯ ಮೈಲುಗಳೆಲ್ಲ ರದ್ದು. ಎರಡು ಟಿಕೆಟ್ಟಿಗೆ ಇನ್ನೂ ಸಾಕಷ್ಟು ಮೈಲು ಕಡಿಮೆ ಬಿದ್ದಿದ್ದವು.

ಪಕ್ಕದ ಮನೆಯ ಖಾಜಾ ಮಿಯಾ ತಮ್ಮ ಮಗಳು ಅತಿಯಾಳ ಮದುವೆಗೆ ಸಾಮಾನು ಕೊಳ್ಳಲು ಹೊರಟಿದ್ದರು. ಸುಶೀಲಕುಮಾರ ಓಡಿಹೋಗಿ ಆಟೋಕ್ಕೆ ಅಡ್ಡ ನಿಂತ.

"ಚಾಚಾ, ಅವ್ವನ್ನ ವಿಮಾನದಾಗ ಕೂಡಸಬೇಕು, ಮೈಲು ಕಡಿಮಿ ಬಿದ್ದಾವ. ಅಂಗಡಿಯಾಗ ನನ್ನ ಕಾರ್ಡ್ ಉಜ್ಜೋಣು. ನೀವು ರೋಕ ನನಗ ಕೊಟ್ಟುಬಿಡ್ರಿ."

"ಅರೆ ಬೇಟಾ, ರೋಕ ಇರುವಾಗ ಕಾರ್ಡ್ ಯಾಕ?"

ಅವರ ಹೆಂಡತಿ ಹಾಜಿರಾಬೀ, "ಅವ್ವನ ಸಲುವಾಗಿ ಅಂತ. ಅಂವಗ ಸವಾಬ್ ಬರೂದಾದ್ರ ಬರ್ಲಿ ಬಿಡ್ರಿ" ಎಂದು ಪುಣ್ಯದ ಬಾಗಿಲು ತೆರೆದರು.

ಅಂಗಡಿಯವ ಕಾರ್ಡ್ ಕಂಡು, "ಇದಕ್ಕ ನೂರಕ್ಕ ಎರಡು ರೂಪಾಯಿ ಜಾಸ್ತಿ ಆಗ್ತದ್ರಿ" ಎಂದ. ಅದನ್ನು ಸುಶೀಲಕುಮಾರನೇ ಹೊತ್ತ. ಆಮೇಲೆ ಆಳೆತ್ತರದ ಕನ್ನಡಿಯನ್ನೂ ಅವನೇ ಹೊತ್ತ. ಹಾಜಿರಾಬೀಗೆ ಕೂಲಿಯವರ ಮೇಲೆ ನಂಬಿಕೆಯಿರಲಿಲ್ಲ. ಎರಡೂ ಕೈಯಲ್ಲಿ ಕನ್ನಡಿ ತಬ್ಬಿಕೊಂಡು ಮೆಟ್ಟಿಲಿಳಿಯುವಾಗ ಕಿಸೆಯ ಫೋನು ಒದರಿತು. ಖಾಜಾ ಮಿಯಾ ಅದನ್ನು ತೆಗೆದು ಅವನ ಕಿವಿಗೆ ಹಿಡಿದರು.

"ಸುಶೀಲ್ಯಾ, ಸಾಯಗಾಂವದ ಸಾವಕಾರ್ರು ಬಂದಾರ. ನೀನೂ ಬರ್ತಿ ಏನು ಅಂತ ಕೇಳ್ಲಿಕತ್ತಾರ. ಲಗೂನ ಹೇಳು."

ಸಾವಕಾರರ ಮನೆಯಲ್ಲಿ ಏನೋ ಊಟವಿರಬೇಕು ಎಂದುಕೊಂಡ. "ಅವ್ವಾ, ನಿನ್ನ ಕೆಲಸದಾಗೇ ಇದ್ದೇನಿ. ನೀ ಹೋಗಿ ಬಾ. ಸಂಜೀಕ ಮಾತಾಡೋಣು. ಕಟ್ ಮಾಡ್ರಿ ಚಾಚಾ!"

ಇಷ್ಟಾದರೂ ಮೈಲು ತುಂಬಲಿಲ್ಲ. ಅಷ್ಟರಲ್ಲಿ ಸಹೋದ್ಯೋಗಿ ಧೊಂಡಿಬಾ ಭಾಲ್ಕಿಯಲ್ಲಿ ನೀರಿನ ಮೋಟರ್ ಕೊಳ್ಳುತ್ತಿದ್ದಾನೆಂದು ತಿಳಿದು ಬಸ್ಸು ಹತ್ತಿದ. ಭಾಲ್ಕಿಯ ಅಂಗಡಿಯಲ್ಲಿ ಸಿಗ್ನಲ್ ಇರಲಿಲ್ಲ. ಕಾರ್ಡ್ ಉಜ್ಜುವ ಯಂತ್ರವನ್ನು ಎತ್ತಿ ಹಿಡಿದು, ಬಾವಿಗೆ ಬಿದ್ದವನು ಹಗ್ಗ ಹುಡುಕುವ ಹಾಗೆ ಮಾಳಿಗೆಯ ಮೇಲೆಲ್ಲ ತಿರುಗಿದ. ಸಿಗ್ನಲ್ ಬಂತು, ಕೂಡಲೇ ಕಾರ್ಡ್ ಬಂದ್ ಆಯಿತು. ಬ್ಯಾಂಕಿನಿಂದ ಒಬ್ಬಳು ಫೋನು ಮಾಡಿದಳು.

"ಸರ್, ಒಂದೇ ದಿನದಲ್ಲಿ ಮದುವೆ ಮಂಚ, ನೀರಿನ ಮೋಟರ್! ಕಾರ್ಡ್ ಕಳವಾಗಿದೆಯೇ? ತಾವೇ ಅಂತ ಖಾತ್ರಿ ಮಾಡಿಕೊಳ್ಳಬೇಕು. ನಿಮ್ಮ ತಾಯಿಯ ಹೆಸರು ಹೇಳಿ."

"ಅಂಜನಾಬಾಯಿ."

"ಕೇಳಿಸುತ್ತಿಲ್ಲ ಸರ್."

"ಅಂಜನಾಬಾಯಿ! ಅಂಜನಾಬಾಯಿ!" ಎಂದು ಆಕಾಶಕ್ಕೆ ಮುಖಮಾಡಿ ಕೂಗಿದ. ಸಂತೆಗೆ ಬಂದ ಹೆಂಗಸರೆಲ್ಲ ನಿಂತು ನೋಡಿದರು. "ಅಂವನ ಅವ್ವ ಕಳದುಹೋಗ್ಯಾಳ ಕಾಣಸ್ತದ, ಪಾಪ" ಎಂದಳು ಒಬ್ಬ ಮುದುಕಿ. ಈ ಗದ್ದಲದಲ್ಲಿ ಹೆಂಡತಿ ವಿಶಾಖಾ ಎರಡು ಸಲ ಮಾಡಿದ ಫೋನು ಅವನಿಗೆ ತಿಳಿಯಲೇ ಇಲ್ಲ.

ಹೆಸರು ಕೇಳಿಸಿ ಕಾರ್ಡ್ ಮತ್ತೆ ಚಾಲೂ ಆಯಿತು, ಕೊನೆಗೂ ಮೈಲು ತುಂಬಿದವು. ಅಲ್ಲೇ ಮಾಳಿಗೆಯ ಮೇಲೆ ಕೂತು ಹೈದರಾಬಾದಿನಿಂದ ನಾಗಪುರಕ್ಕೆ ಎರಡು ಟಿಕೆಟ್ ತೆಗೆದ. ಹಿಂತಿರುಗಿಸುವಂತಿಲ್ಲ, ಹೆಸರು ಬದಲಿಸುವಂತಿಲ್ಲ ಎಂದು ಬರೆದಿತ್ತು. ಬದಲಿಸುವುದಾದರೂ ಯಾಕೆ?

ಸಂಜೆ ಪೇಢೆಯ ಪೊಟ್ಟಣ ಹಿಡಿದು ಮನೆ ಹೊಕ್ಕ. "ಅವ್ವ ಎಲ್ಲಿ?"

"ಬೆಂಗಳೂರಾಗ ಇದ್ದಾರ್ರಿ" ಎಂದಳು ವಿಶಾಖಾ.

"ಚ್ಯಾಷ್ಟಿ ಬ್ಯಾಡ. ಮುಂಜಾನಿ ಇಲ್ಲೇ ಇದ್ಲು!"

"ವಿಮಾನದಾಗ ಹೋದ್ರು. ಶುಂಠಿ ಬೆಳಿ ಛಲೋ ಬಂತಂತ ಸಾವಕಾರ್ರು ಹೊಲದ ಹೆಣ್ಮಕ್ಕಳಿಗೆಲ್ಲ ವಿಮಾನ ತೋರಸ್ತೇನಿ ಅಂತ ಕರಕೊಂಡು ಹೊಂಟಿದ್ರು. ಹಳೇ ಆಳು, ಅಂಜನಾನ ಬಿಟ್ಟು ಹ್ಯಾಂಗ ಹೋಗ್ಲಿ ಅಂತ ಇಲ್ಲಿಗೂ ಬಂದ್ರು. ನಿಮಗೂ ಒಂದು ಟಿಕೆಟ್ ತಗಸ್ತೇನಿ ಅಂದ್ರು. ಅವ್ವ ಕೇಳಿದ್ರ ನೀವು ಫೋನ್ ಕಟ್ ಮಾಡಿದ್ರಂತ."

ಸುಶೀಲಕುಮಾರ ಪೇಢೆಯ ಪೊಟ್ಟಣದ ಮೇಲೇ ಕೂತುಬಿಟ್ಟ. ಅಷ್ಟೊತ್ತಿಗೆ ಅವ್ವನ ಫೋನು ಬಂತು.

"ಸುಶೀಲ್ಯಾ, ಮೋಡದ ಮ್ಯಾಲ ಹೋಗಿದ್ದೆನೋ! ಹತ್ತಿ ಹಿಂಜಿ ರಾಶಿ ಹಾಕ್ಯಾರ ಅನಸ್ತು."

"ಅವ್ವಾ... ನಾಗಪುರಕ್ಕ ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ತಗಸೇನಿ."

"ಬ್ಯಾಡೋ ಯಪ್ಪಾ! ಒಮ್ಮೆ ನೋಡಿದ್ದಾತು. ನಾಗಪುರಕ್ಕ ರೈಲಿಗೇ ಹೋಗೂಣು. ಮ್ಯಾಲ ಏರೂಮುಂದ ನನ್ನ ಜೀವ ಬಾಯಿಗೆ ಬಂದಿತ್ತು."

"ಭಾಳ ಹೆದರಿದ್ಯಾ?"

"ಹೆದರಿದೆ. ಬಾಜೂಕ ಯಾರೋ ಒಬ್ಬ ಹುಡುಗ ಕೂತಿದ್ದ. ಅವನ ಕೈ ಗಟ್ಟಿಯಾಗಿ ಹಿಡಕೊಂಡುಬಿಟ್ಟೆ. ಇಳಿಯೂತನಾ ಬಿಡಲಿಲ್ಲ. ಪಾಪ, ಅವನೂ ಬಿಡಿಸಿಕೊಳ್ಳಲಿಲ್ಲ."

ಸುಶೀಲಕುಮಾರ ಅಡಿಯಲ್ಲಿ ಚಪ್ಪಟೆಯಾದ ಪೇಢೆಯ ಪೊಟ್ಟಣವನ್ನು ಎಳೆದು ತೆಗೆದ. "ಯಾರಂತ, ಅವ್ವಾ?"

"ಹೆಸರು ಕೇಳೂದೇ ಮರತೆ. ಯಾರ ಮಗನೋ ಏನೋ, ಭಾಳ ಒಳ್ಳೆಯವ."