ಲಕೋಟೆಯ ಮೇಲೆ ಬಿದ್ದ ಕೆಂಪು ಮುದ್ರೆ

ಮಗಳ ಜನನ ಪ್ರಮಾಣಪತ್ರ ಜೆರಾಕ್ಸ್ ಅಂಗಡಿಯ ಯಂತ್ರದೊಳಗೇ ಉಳಿದುಬಿಟ್ಟಿತ್ತು. ಅದು ಗೊತ್ತಾದದ್ದು ಮಗಳು ಸೇನಾ ವೈದ್ಯಕೀಯ ಕಾಲೇಜಿನ ಸಂದರ್ಶನಕ್ಕೆ ಹೋಗಿ, ಅಲ್ಲಿ ಫೈಲು ಬಿಚ್ಚಿದ ಮೇಲೆ.

“ಅಪ್ಪಾ, ಇಲ್ಲಿ ಬರೀ ನಕಲು ಇದೆ. ಅಸಲು ಹನ್ನೊಂದರೊಳಗೆ ಬರದಿದ್ರೆ ವಾಪಸ್ ಕಳಿಸ್ತಾರಂತೆ. ಫೋನು ಗೇಟಲ್ಲೇ ಒಪ್ಪಿಸ್ಬೇಕು, ಇಡ್ತೀನಿ.”

ಸಾವಿರಾರು ಮಕ್ಕಳ ಜೊತೆ ಲಿಖಿತ ಪರೀಕ್ಷೆ ಬರೆದು ಗೆದ್ದ ಹುಡುಗಿ. ಅವಳ ಓದಿಗಾಗಿ ಎರಡು ವರ್ಷದಿಂದ ಮನೆಯಲ್ಲಿ ಟೀವಿ ಬಾಯಿ ಬಿಟ್ಟಿರಲಿಲ್ಲ. ಅಂಚೆ ಕಚೇರಿಯ ಗುಮಾಸ್ತರಾದ ಅವಳ ಅಪ್ಪ ಅಂಗಡಿಗೆ ಓಡಿ ಪತ್ರ ಬಿಡಿಸಿಕೊಂಡರು. ಕಂದು ಲಕೋಟೆಗೆ ಹಾಕಿ, ಮೇಲೆ ಮಗಳ ಹೆಸರು, ನೋಂದಣಿ ಸಂಖ್ಯೆ ದುಂಡಗೆ ಬರೆದರು. ಬೀದಿಗಿಳಿಯುವಷ್ಟರಲ್ಲಿ ಎದುರುಮನೆಯ ‘ಜನರಲ್’ ಅಡ್ಡ ನಿಂತರು. ಸೇನೆಯ ಉಗ್ರಾಣದಲ್ಲಿ ಎರಡು ವರ್ಷ ಕಂಬಳಿ ಎಣಿಸಿದ್ದಕ್ಕೆ ಬೀದಿಯವರೇ ಕೊಟ್ಟ ಪದವಿ ಅದು.

“ಒಳಗೆ ಹೋದ್ಮೇಲೆ ಬಾಯಿ ಬಿಚ್ಚಬೇಡಿ. ಏನು ಕೇಳಿದ್ರೂ ‘ಯಸ್ ಸರ್’, ಅಷ್ಟೇ. ಎದುರು ಮಾತಾಡಿದ್ರೆ ಶಿಸ್ತಿಲ್ಲದ ಮನೆ ಅಂತ ಬರ್ಕೊಂಡು ಮಗಳ ಮಾರ್ಕ್ಸ್ ಕತ್ತರಿಸ್ತಾರೆ.”

ಗುಮಾಸ್ತರು ಅದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡರು.

ಗೇಟಿನ ಕಾವಲುಗಾರ ಕೇಳಿದ, “ಮೆಡಿಕಲ್ಲಾ?”

“ಯಸ್ ಸರ್.”

“ಎಡಗಡೆ ಕಟ್ಟಡ. ಬೇಗ ಹೋಗಿ.”

ಮಕ್ಕಳ ಆಯ್ಕೆ ನಡೆಯುತ್ತಿದ್ದದ್ದು ಬಲಗಡೆ. ಎಡಗಡೆ ಇದ್ದದ್ದು ವಯಸ್ಸಾದ ಸೈನಿಕರ ವಾರ್ಷಿಕ ದೇಹ ತಪಾಸಣೆ. ಗುಮಾಸ್ತರು ಒಳಹೊಕ್ಕಾಗ ಅವರದೇ ವಯಸ್ಸಿನ ಇಪ್ಪತ್ತು ಜನ ಬನಿಯನ್ನಿನಲ್ಲಿ ಸಾಲಾಗಿ ನಿಂತಿದ್ದರು.

“ತಡವಾಗಿ ಬಂದಿದ್ದೀರಿ, ಶರ್ಟ್ ತೆಗೀರಿ,” ಎಂದ ಅಲ್ಲಿನ ಸಹಾಯಕ.

“ಯಸ್ ಸರ್.”

ಡಾಕ್ಟರಾಗುವ ಮಕ್ಕಳ ತಂದೆಯರನ್ನೂ ಪರೀಕ್ಷಿಸುತ್ತಾರೇನೋ ಎಂದುಕೊಂಡು ಗುಮಾಸ್ತರು ಹೊಟ್ಟೆ ಒಳಗೆಳೆದು ನಿಂತರು. ಮಗಳ ಭವಿಷ್ಯ ಈಗ ತಮ್ಮ ಹೊಟ್ಟೆಯ ಮೇಲೆ ನಿಂತಿದೆ ಅನ್ನಿಸಿತು. ತೂಕದ ಯಂತ್ರ ಹತ್ತಿದಾಗ ಅದರ ಮುಳ್ಳು, ನಾಯಿ ಕಂಡ ಬೆಕ್ಕಿನಂತೆ, ಆ ತುದಿಗೆ ಜಿಗಿಯಿತು. ಎಂಬತ್ತಾರು. ಸಹಾಯಕ ಅವರ ಕೈಯಲ್ಲಿದ್ದ ಲಕೋಟೆ ಕಿತ್ತುಕೊಂಡು ಅದರ ಮೇಲೆಯೇ ಬರೆದ. ಅಲ್ಲಿದ್ದ ಹೆಸರನ್ನು ಓದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಒಂಟಿ ಕಾಲಲ್ಲಿ ಕುಣಿಸಿದರು. ಮರದ ಪೆಟ್ಟಿಗೆಯನ್ನು ನಲವತ್ತು ಸಲ ಹತ್ತಿಸಿ ಇಳಿಸಿದರು. ಹನ್ನೆರಡನೆಯ ಸಲಕ್ಕೇ ಗುಮಾಸ್ತರ ಎದೆ ತೂತುಬಿದ್ದ ಹಾರ್ಮೋನಿಯಂ ಆಗಿತ್ತು.

ಕೊನೆಯ ಕೋಣೆಯ ಡಾಕ್ಟರು ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿದರು.

“ತಲೆ ಸುತ್ತುತ್ತಾ?”

“ಯಸ್ ಸರ್.”

“ಎದೆನೋವು?”

“ಯಸ್ ಸರ್.”

“ಕುಡೀತೀರಾ?”

ಕಾಫಿ ಬಿಟ್ಟು ಬೇರೇನೂ ಕುಡಿಯದ ಗುಮಾಸ್ತರು ‘ಜನರಲ್’ ಹೇಳಿದ್ದನ್ನು ನೆನೆದರು. “ಯಸ್ ಸರ್.”

“ದಿನಾನಾ?”

“ಯಸ್ ಸರ್.”

ಡಾಕ್ಟರು ಅದನ್ನೆಲ್ಲ ಲಕೋಟೆಯ ಮೇಲೆ ಬರೆದು, ಕೆಂಪು ಮುದ್ರೆಯನ್ನು ಧಡ್ ಎಂದು ಒತ್ತಿದರು: ಅನ್‌ಫಿಟ್. “ಎದುರು ಕಟ್ಟಡದ ಕಚೇರಿಗೆ ಕೊಟ್ಟು ಹೋಗಿ.”

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ, ಗುಂಡಿ ತಪ್ಪಿಸಿ ಹಾಕಿದ ಶರ್ಟಿನಲ್ಲಿ ಗುಮಾಸ್ತರು ಬಲಗಡೆಯ ಕಚೇರಿಯ ಕಿಟಕಿಗೆ ಲಕೋಟೆ ತೂರಿಸಿದರು. ಒಳಗಿದ್ದವನು ಓದಿ ಮಗಳ ಸಂಖ್ಯೆ ಕೂಗಿದ. ಸಂದರ್ಶನ ಚೆನ್ನಾಗಿ ಮುಗಿಸಿದ್ದ ಹುಡುಗಿ ನಗುತ್ತಾ ಬಂದಳು.

“ನಿನ್ನ ಮೆಡಿಕಲ್ ಆಗೋಗಿದೆಯಮ್ಮಾ. ತೂಕ ಎಂಬತ್ತಾರು, ಎದೆನೋವು, ದಿನಾ ಕುಡಿತ. ಅನ್‌ಫಿಟ್. ಮನೆಗೆ ಹೋಗಬಹುದು.”

ಗಾಳಿ ಬೀಸಿದರೆ ಹಾರಿಹೋಗುವಂತಿದ್ದ ಹುಡುಗಿ ಅಪ್ಪನ ಮುಖ ನೋಡಿದಳು. ಕಣ್ಣು ತುಂಬಿಕೊಂಡಿತು. ಆಗ ಗುಮಾಸ್ತರ ಬಾಯಿಯ ಬೀಗ ಬಿಚ್ಚಿಕೊಂಡಿತು. ಜೆರಾಕ್ಸ್ ಯಂತ್ರ, ಕಂಬಳಿಯ ಜನರಲ್, ಮರದ ಪೆಟ್ಟಿಗೆ, ಕಾಫಿ, ಎಲ್ಲ ಒಂದೇ ಉಸಿರಿನಲ್ಲಿ ಹೊರಬಂತು. ಗಲಾಟೆ ಕೇಳಿ ಆಯ್ಕೆಯ ಮುಖ್ಯಸ್ಥೆಯಾದ ಕರ್ನಲ್ ಮೇಡಂ ಬಂದರು. ಲಕೋಟೆ ಎರಡು ಸಲ ಓದಿದರು. ನಗು ತಡೆಯಲು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಅಸಲು ಪತ್ರ ಫೈಲಿಗೆ ಸೇರಿತು; ಮಗಳ ತಪಾಸಣೆ ಬೇರೆಯಾಗಿ ನಡೆಯಿತು. ಸಂಜೆಯ ಪಟ್ಟಿಯಲ್ಲಿ ಅವಳ ಹೆಸರು ಮೂರನೆಯದು. ಗುಮಾಸ್ತರು ಕೈ ಮುಗಿದು ಹೊರಡಲು ಎದ್ದರು.

“ಇರಿ,” ಎಂದರು ಮೇಡಂ. “ಇಲ್ಲಿ ಒತ್ತಿದ ಮುದ್ರೆ ಅಳಿಸೋ ಹಾಗಿಲ್ಲ. ಅದಕ್ಕೊಬ್ಬ ವಾರಸುದಾರರು ಬೇಕು.” ಮಗಳ ಹೆಸರು ಹೊಡೆದುಹಾಕಿ, ಮೇಲೆ ಗುಮಾಸ್ತರ ಹೆಸರು ಬರೆದರು. “ಹದಿನಾರು ಕಿಲೋ ಇಳಿಸ್ಬೇಕು.”

ಗುಮಾಸ್ತರಿಗೆ ಈಗ ಧೈರ್ಯ ಬಂದಿತ್ತು. “ಮೇಡಂ, ನಾನು ಅಂಚೆ ಇಲಾಖೆಯವನು. ಸೇನೆಯ ಆಜ್ಞೆ ನನಗೆ ಅನ್ವಯಿಸಲ್ಲ.”

“ನಿಜ. ನಿಮಗೆ ನಾನು ಆಜ್ಞೆ ಮಾಡೋ ಹಾಗಿಲ್ಲ.” ಮೇಡಂ ಮಗಳ ಕಡೆ ತಿರುಗಿ ಲಕೋಟೆ ಕೊಟ್ಟರು. “ಇವಳಿಗೆ ಮಾಡಬಹುದಲ್ಲ. ಕಾಲೇಜು ಶುರುವಾಗೋಕೆ ಆರು ತಿಂಗಳಿದೆ. ಇವರು ನಿನ್ನ ಮೊದಲನೇ ಪೇಷಂಟು. ಪ್ರತಿ ವಾರ ನನಗೆ ವರದಿ ಬರಬೇಕು.”

ಬಸ್‌ಸ್ಟಾಪಿಗೆ ಬರುವವರೆಗೂ ಮಗಳು ಲಕೋಟೆ ಓದುತ್ತಲೇ ಇದ್ದಳು. ಬಸ್ಸು ಬಂದು ನಿಂತಿತು. ಗುಮಾಸ್ತರು ಒಂದು ಕಾಲು ಮೆಟ್ಟಿಲ ಮೇಲಿಟ್ಟರು.

“ಅಪ್ಪಾ, ಇಲ್ಲಿಂದ ಮನೆಗೆ ಎಷ್ಟು ದೂರ?”

“ಏಳು ಕಿಲೋಮೀಟರು. ಯಾಕಮ್ಮಾ?”

ಮಗಳು ಅಪ್ಪನ ತೋಳು ಹಿಡಿದು ಮೆಲ್ಲಗೆ ಕೆಳಗಿಳಿಸಿಕೊಂಡು, ಹೊರಡಿ ಎಂದು ಕಂಡಕ್ಟರಿಗೆ ಕೈ ಬೀಸಿದಳು.