ಉಪವಾಸ ಮಾಡಿ ದಪ್ಪಗಾದ ಸ್ಯಾಂಡಿ

ನಾಯಿ ನೋಡಿಕೊಳ್ಳುವುದರಲ್ಲಿ ಏನು ಮಹಾ ವಿದ್ಯೆ ಇದೆ? ಎರಡು ಹೊತ್ತು ಊಟ, ಎರಡು ಹೊತ್ತು ತಿರುಗಾಟ, ನಡುನಡುವೆ ಒಂದಿಷ್ಟು ತಲೆ ನೇವರಿಸುವುದು. ಬಿ.ಎಸ್ಸಿ. ಪಾಸಾದ ಮನುಷ್ಯನಿಗೆ ಅದೂ ಒಂದು ಕೆಲಸವೇ? ಹೀಗೆಂದು ನಾನು ಸಂಪೂರ್ಣವಾಗಿ ನಂಬಿದ್ದೆ.

ಬಿ.ಎಸ್ಸಿ. ವಿಷಯವನ್ನು ನಾನು ಎಲ್ಲ ಕಡೆ ತರುತ್ತೇನೆ ಎಂದು ನನ್ನ ಹೆಂಡತಿ ಸುಜಾತ ದೂರುತ್ತಾಳೆ. ತರದೆ ಏನು ಮಾಡಲಿ? ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಪ್ರಾಣಿ ನಾನು. ಹಗಲು ಕಾಲೇಜು, ಸಂಜೆ ಸೋಡಾ ಅಂಗಡಿಯಲ್ಲಿ ಬಾಟಲಿ ತೊಳೆಯುವುದು. ಹಾಗೆ ಮೂರು ವರ್ಷ ಓದಿ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೂರರಲ್ಲೂ ಪಾಸಾದವನು. ಪ್ರಾಣಿಶಾಸ್ತ್ರದಲ್ಲಿ ಜಿರಳೆ ಮತ್ತು ಕಪ್ಪೆಯನ್ನು ನನ್ನ ಕೈಯಾರೆ ಕೊಯ್ದಿದ್ದೇನೆ. ನಾಯಿಯವರೆಗೆ ಸಿಲಬಸ್ ಬರಲಿಲ್ಲ, ಅಷ್ಟೆ.

ಕುವೈತಿಗೆ ಬಂದು ಒಂಬತ್ತು ವರ್ಷವಾಗಿತ್ತು. ಮೀನಾ ಅಲ್ ಅಹ್ಮದಿ ಕಡೆ ಒಂದು ಗುತ್ತಿಗೆ ಕಂಪನಿಯ ಪ್ರಯೋಗಾಲಯದಲ್ಲಿ ನಾನು ಟೆಕ್ನಿಷಿಯನ್. ಒಂಬತ್ತು ವರ್ಷವೂ ಶಿಫ್ಟ್. ಒಂದು ವಾರ ಬೆಳಗ್ಗೆ, ಒಂದು ವಾರ ಸಂಜೆ, ಒಂದು ವಾರ ರಾತ್ರಿ. ನಮ್ಮ ಎಂಟು ವರ್ಷದ ಮಗಳು ಸ್ವಾತಿ ಶಾಲೆಯಲ್ಲಿ "ನನ್ನ ಕುಟುಂಬ" ಎಂಬ ಚಿತ್ರ ಬರೆದಳು. ಅಮ್ಮ ಅಡುಗೆ ಮಾಡುತ್ತಿದ್ದಾಳೆ, ಮಗಳು ಆಡುತ್ತಿದ್ದಾಳೆ, ಅಪ್ಪನ ಜಾಗದಲ್ಲಿ ಒಂದು ಕಂಬಳಿ, ಕಂಬಳಿಯ ತುದಿಯಲ್ಲಿ ಎರಡು ಪಾದ! ಅವತ್ತು ಸುಜಾತ ತೀರ್ಪು ಕೊಟ್ಟಳು: "ನೀವು ಜನರಲ್ ಡ್ಯೂಟಿ ಕೇಳಿ. ಬೆಳಗ್ಗೆ ಹೋಗಿ ಸಂಜೆ ಬರುವ ಗಂಡ ಬೇಕು ನನಗೆ. ಸಾಕಾಯ್ತು."

ಜನರಲ್ ಡ್ಯೂಟಿ ಕೊಡುವ ಅಧಿಕಾರ ಇದ್ದದ್ದು ನಮ್ಮ ಲ್ಯಾಬಿನ ಮುಖ್ಯಸ್ಥ, ಸ್ಕಾಟ್ಲೆಂಡಿನ ಪೀಟರ್ ಸಾಹೇಬರಿಗೆ. ನಾನು ಅರ್ಜಿ ಹಿಡಿದು ಒಳಗೆ ಹೋದ ದಿನವೇ ಅವರು ಚಿಂತೆಯಲ್ಲಿದ್ದರು. ಮೂರು ವಾರ ರಜೆಯ ಮೇಲೆ ಊರಿಗೆ ಹೊರಟಿದ್ದಾರೆ, ಅವರ ನಾಯಿ ಸ್ಯಾಂಡಿಯನ್ನು ನೋಡಿಕೊಳ್ಳಬೇಕಿದ್ದವನು ಕೈಕೊಟ್ಟಿದ್ದಾನೆ.

"ನಿನಗೆ ನಾಯಿಗಳ ಬಗ್ಗೆ ಗೊತ್ತೇ?" ಎಂದು ಕೇಳಿದರು.

"ಸರ್, ಪ್ರಾಣಿಶಾಸ್ತ್ರ ನನ್ನ ವಿಷಯ!" ಎಂದೆ.

ಸಾಹೇಬರು ನನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟು, "ಬಂದ ಮೇಲೆ ಇದನ್ನು ನೋಡೋಣ" ಎಂದರು. ಅರ್ಥವಾಯಿತಲ್ಲ? ನಾಯಿ ಸುಖವಾಗಿದ್ದರೆ ನಾನು ಸುಖವಾಗಿರುತ್ತೇನೆ!

ಸ್ಯಾಂಡಿ ಫಹಾಹೀಲಿನ ನಮ್ಮ ಫ್ಲ್ಯಾಟಿಗೆ ಬಂದಿಳಿಯಿತು. ಬೆಲ್ಲದ ಬಣ್ಣದ ಲ್ಯಾಬ್ರಡಾರ್. ಇಪ್ಪತ್ತೊಂಬತ್ತು ಕಿಲೋ. ಜೊತೆಗೆ ಒಂದು ಮೂಟೆ ಒಣ ಆಹಾರ, ಒಂದು ಬ್ರಷ್, ಎರಡು ಪುಟದ ಸೂಚನೆ. ಬೆಳಗ್ಗೆ ಒಂದೂವರೆ ಕಪ್, ಸಂಜೆ ಒಂದೂವರೆ ಕಪ್. ಬೇರೆ ಏನೂ ಕೂಡದು. "ಏನೂ" ಎಂಬುದರ ಕೆಳಗೆ ಎರಡು ಗೆರೆ.

ನಾನು ಕೂಡಲೇ ಕಟ್ಟಡದಲ್ಲಿ ಒಂದು ಮೌಖಿಕ ಸುತ್ತೋಲೆ ಹೊರಡಿಸಿದೆ. ಎದುರು ಫ್ಲ್ಯಾಟಿನ ಫ್ಲೇವಿ ಬಾಯಿ ಜಾಬ್ರಿಯಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಮೇಲಿನ ಮಹಡಿಯ ಹಮೀದಾಕ ನಮ್ಮ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಂ ಯಜಮಾನರು, ಫಹಾಹೀಲಿನ ಸೂಕು ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿ. ಇಬ್ಬರನ್ನೂ, ಸುಜಾತಳನ್ನೂ ಸೇರಿಸಿ ಹೇಳಿದೆ: "ಇದು ವೈಜ್ಞಾನಿಕ ಆಹಾರ ಪದ್ಧತಿ. ಯಾರೂ ಒಂದು ಅಗುಳು ಹಾಕಕೂಡದು. ಹಾಕಿದರೆ ನನ್ನ ಜನರಲ್ ಡ್ಯೂಟಿ ಖಲಾಸ್!"

"ಆ ಒಣ ಕಾಳನ್ನು ಮಾತ್ರವಾ? ಮೂರು ವಾರ?" ಫ್ಲೇವಿ ಬಾಯಿ ಎದೆಯ ಮೇಲೆ ಕೈ ಇಟ್ಟುಕೊಂಡರು. "ಪಾಪ ಮಾರಾಯ್ರೇ, ಮನೆಗೆ ಬಂದ ಜೀವ ಅಲ್ವಾ ಅದು!"

"ನಂಗೆಂತ, ನಾನು ಅದನ್ನು ಮುಟ್ಲಿಕ್ಕೂ ಇಲ್ಲ" ಎಂದರು ಹಮೀದಾಕ, ಎರಡು ಹೆಜ್ಜೆ ಹಿಂದೆ ಸರಿದು. ನಾಯಿಯ ಎಂಜಲು ತಾಗಿದರೆ ಧರ್ಮದ ಪ್ರಕಾರ ಅವರಿಗೆ ಏಳು ಸಲ ತೊಳೆಯುವ ಕೆಲಸ. ಅವರ ಬಗ್ಗೆ ನನಗೆ ಪೂರ್ತಿ ಧೈರ್ಯ ಬಂತು.

ಮೊದಲ ಎರಡು ದಿನ ಸ್ಯಾಂಡಿ ಕಾಳು ತಿಂದಿತು. ಮೂರನೆಯ ದಿನ ಮೂಸಿ ಬಿಟ್ಟಿತು. ನಾಲ್ಕನೆಯ ದಿನ ಮೂಸಲೂ ಇಲ್ಲ. ಬಟ್ಟಲನ್ನು ನೋಡಿ, ನನ್ನನ್ನು ನೋಡಿ, ನಿಟ್ಟುಸಿರು ಬಿಟ್ಟು ಮಲಗಿತು. ಮಾಲೀಕನ ನೆನಪಿನಲ್ಲಿ ಊಟ ಬಿಟ್ಟಿದೆ! ಇದು ಹೀಗೇ ಸೊರಗಿದರೆ ಮೂರು ವಾರದ ಕೊನೆಗೆ ಸಾಹೇಬರ ಕೈಗೆ ನಾನು ಕೊಡುವುದು ಬರೀ ಅದರ ಕೊರಳ ಬೆಲ್ಟು!

ಹಸಿವಾಗಲೆಂದು ವ್ಯಾಯಾಮ ಹೆಚ್ಚಿಸಲು ತೀರ್ಮಾನಿಸಿದೆ. ಬೆಳಗ್ಗೆ ಹತ್ತು ಗಂಟೆಗೆ ತಿರುಗಾಡಿಸಲು ಕರೆದೊಯ್ದೆ. ಜುಲೈ ತಿಂಗಳು. ನನ್ನ ಕಾಲಲ್ಲಿ ದಪ್ಪ ಅಟ್ಟೆಯ ಶೂ ಇತ್ತು. ಸ್ಯಾಂಡಿಯ ಕಾಲಲ್ಲಿ ಏನಿತ್ತು ಎಂಬ ಪ್ರಶ್ನೆ ಮೂರು ವರ್ಷದ ಪದವಿಯಲ್ಲಿ ಎಲ್ಲೂ ಬಂದಿರಲಿಲ್ಲ. ಡಾಮರಿನ ಮೇಲೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅದು ಭರತನಾಟ್ಯ ಶುರುಮಾಡಿತು. ಬೇರೆ ದಾರಿ ಕಾಣದೆ ಎತ್ತಿಕೊಂಡೆ. ರಸ್ತೆಯಲ್ಲಿ ಹೋಗುವ ಕಾರುಗಳೆಲ್ಲ ನಿಧಾನವಾದವು. ಮಗುವಿನಂತೆ ನನ್ನ ಹೆಗಲಿಗೆ ಗಲ್ಲ ಊರಿ ಸ್ಯಾಂಡಿ ಎಲ್ಲರಿಗೂ ದರ್ಶನ ಕೊಟ್ಟಿತು.

ಎರಡನೇ ಮಹಡಿ ಹತ್ತುವಾಗ ನನ್ನ ತಲೆಯಲ್ಲಿ ಒಂದು ವೈಜ್ಞಾನಿಕ ಸಂಶಯ ಮೂಡಿತು. ಮೂರು ದಿನದಿಂದ ಸರಿಯಾಗಿ ಉಣ್ಣದ ನಾಯಿ ಇಷ್ಟು ಭಾರ ಇರಲು ಹೇಗೆ ಸಾಧ್ಯ? ನಾನೊಮ್ಮೆ ತೂಕದ ಯಂತ್ರದ ಮೇಲೆ ನಿಂತೆ, ಮತ್ತೊಮ್ಮೆ ನಾಯಿಯನ್ನು ಎತ್ತಿಕೊಂಡು ನಿಂತೆ. ಕಳೆದು ನೋಡಿದೆ. ಮೂವತ್ತು!

ಯಂತ್ರ ಕೆಟ್ಟಿದೆ ಎಂದುಕೊಂಡೆ. ಮೂರು ದಿನ ಬಿಟ್ಟು ನೋಡಿದರೆ ಮೂವತ್ತೊಂದು. ಲ್ಯಾಬಿನಿಂದ ಗ್ರಾಫ್ ಹಾಳೆ ತಂದು ಗೋಡೆಗೆ ಅಂಟಿಸಿದೆ. ನೀಲಿ ಗೆರೆ ಊಟ, ಕೆಂಪು ಗೆರೆ ತೂಕ. ನೀಲಿ ಸೊನ್ನೆಯ ಮೇಲೆ ಮಲಗಿತ್ತು. ಕೆಂಪು ಬೆಟ್ಟ ಹತ್ತುತ್ತಿತ್ತು. ಶಕ್ತಿಯನ್ನು ಹೊಸದಾಗಿ ಸೃಷ್ಟಿಸಲು ಸಾಧ್ಯವಿಲ್ಲ ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ನಮ್ಮ ಅಡುಗೆಮನೆಯ ಬಾಗಿಲಲ್ಲಿ ಮಲಗಿ ಸ್ಯಾಂಡಿ ಅದನ್ನು ಸೃಷ್ಟಿಸುತ್ತಿತ್ತು!

ಬೇರೆ ವಿಚಿತ್ರಗಳೂ ಇದ್ದವು. ಅದರ ಬಾಯಿಂದ ಬಂಗುಡೆಯ ವಾಸನೆ ಬರುತ್ತಿತ್ತು. ಲಿವರಿನ ದೋಷ ಇರಬಹುದು ಎಂದು ಬರೆದುಕೊಂಡೆ. ಶುಕ್ರವಾರ ಮಧ್ಯಾಹ್ನ ಹಮೀದಾಕ ಕಾಗದದ ಪೊಟ್ಟಣ ಹಿಡಿದು ಟೆರೇಸಿಗೆ ಹೋಗುವುದನ್ನು ಕಂಡೆ. ಸ್ಯಾಂಡಿ ಅವರ ಹಿಂದೆ ಮೆಟ್ಟಿಲು ಹತ್ತಿತು. ಗಾಳಿ ಕುಡಿಯಲು ಹೋಗುತ್ತಿದೆ ಎಂದುಕೊಂಡೆ. ನಲವತ್ತೆಂಟು ಡಿಗ್ರಿಯಲ್ಲಿ!

ಕಡೆಗೆ ಒಂದು ಸಂಜೆ ಗ್ರಾಫಿನ ಮುಂದೆ ನಿಂತಿದ್ದಾಗ ಎಲ್ಲವೂ ಹೊಳೆಯಿತು. ಊಟ ಬೇಡ, ಹೊಟ್ಟೆ ದೊಡ್ಡದು, ಸದಾ ನಿದ್ದೆ.

"ಸುಜಾತಾ!" ಕೂಗಿದೆ. "ಸ್ಯಾಂಡಿ ಬಸುರಿ!"

ಸುಜಾತ ಸೌಟು ಹಿಡಿದೇ ಹೊರಗೆ ಬಂದಳು. ನಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹದಿನೈದು ದಿನದಿಂದ ಕಂಬ ಕಂಬಕ್ಕೂ ಕಾಲೆತ್ತಿಸಿಕೊಂಡು ಬರ್ತಾ ಇದ್ದೀರಲ್ಲ, ನಿಮಗೆ ಏನೂ ಕಾಣ್ಲಿಲ್ವಾ?"

ಕಪ್ಪೆಯಲ್ಲಿ ಗಂಡು ಹೆಣ್ಣು ಗುರುತಿಸುವುದು ನನಗೆ ಬರುತ್ತಿತ್ತು. ನಾಯಿಯ ವಿಷಯದಲ್ಲಿ ಗಮನಿಸಿರಲಿಲ್ಲ.

"ಹಾಗಾದರೆ ನೀರು ತುಂಬಿದೆ" ಎಂದೆ. "ಕಿಡ್ನಿ! ಈಗಲೇ ಡಾಕ್ಟರ ಹತ್ತಿರ ಹೋಗಬೇಕು."

ಕಿಡ್ನಿ ಎಂಬ ಶಬ್ದ ಎರಡು ಮಹಡಿಗೆ ಕೇಳಿಸಿತು. ಸುಜಾತ ಸೌಟು ಇಟ್ಟು ಚಪ್ಪಲಿ ಹಾಕಿಕೊಂಡಳು. ಫ್ಲೇವಿ ಬಾಯಿ ಓಡಿ ಬಂದರು. ಹಮೀದಾಕ ತಮ್ಮ ಅಂಗಡಿಯ ವ್ಯಾನಿನ ಕೀ ಹಿಡಿದು ಇಳಿದರು. "ಹಿಂದೆ ಪ್ಲಾಸ್ಟಿಕ್ ಹಾಸಿದ್ದೇನೆ, ಕೂರಿಸಿ. ಯಲ್ಲಾ, ಯಲ್ಲಾ, ಬೇಗ!" ಇಬ್ಬರ ಮುಖವೂ ಬಿಳುಚಿತ್ತು. ನೆರೆಹೊರೆ ಎಂದರೆ ಹೀಗಿರಬೇಕು ಎಂದು ನನ್ನ ಕಣ್ಣು ತುಂಬಿತು.

ಪಶುವೈದ್ಯರು ಈಜಿಪ್ಟಿನವರು, ಶಾಂತ ಸ್ವಭಾವದ ಹಿರಿಯರು. ಸ್ಯಾಂಡಿಯನ್ನು ತೂಗಿದರು. ಮೂವತ್ತಮೂರು.

"ಏನು ತಿನ್ನುತ್ತದೆ?"

"ಏನೂ ಇಲ್ಲ, ಡಾಕ್ಟರ್" ಎಂದು ಗ್ರಾಫನ್ನು ಬಿಡಿಸಿ ಮೇಜಿನ ಮೇಲಿಟ್ಟೆ. "ನೀವೇ ನೋಡಿ. ನಾನು ವಿಜ್ಞಾನದ ಪದವೀಧರ."

ಅವರು ಗ್ರಾಫನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಅಷ್ಟರಲ್ಲಿ ವ್ಯಾನಿನ ಕುಲುಕಾಟ ತನ್ನ ಕೆಲಸ ಮಾಡಿತು. ಸ್ಯಾಂಡಿ ಒಮ್ಮೆ ಓಕರಿಸಿ, ಡಾಕ್ಟರ ಮೇಜಿನ ಮೇಲೆ, ನನ್ನ ಗ್ರಾಫಿನ ಸರಿಯಾಗಿ ನಡುವೆ, ಸಮಗ್ರ ಸಾಕ್ಷ್ಯವನ್ನು ಮಂಡಿಸಿತು!

ಡಾಕ್ಟರು ಕೈಗವಸು ಹಾಕಿ ಚಿಮುಟಿಯಿಂದ ಒಂದೊಂದಾಗಿ ಬೇರೆ ಮಾಡತೊಡಗಿದರು. ಬಿಳಿಯ ಮೆತ್ತಗಿನ ಒಂದು ತುಂಡು ಎದ್ದು ಬಂತು.

"ಜೆಜು! ಅದು ನನ್ನ ಸನ್ನಾಂ!" ಎಂದು ಶಿಲುಬೆಯ ಗುರುತು ಹಾಕಿಕೊಂಡರು ಫ್ಲೇವಿ ಬಾಯಿ.

ಸನ್ನಾಂ ಎಂದರೆ ಅವರ ಮನೆಯ ಇಡ್ಲಿ. ನಾನು ತಿರುಗಿ ನೋಡಿದೆ.

"ಎಂತ ನೋಡುದು? ಆಪರೇಷನ್‌ಗೆ ಮುಂಚೆ ಮಾತ್ರ ನಾವು ಪೇಷಂಟಿಗೆ ಉಪವಾಸ ಹಾಕುದು. ಡ್ಯೂಟಿಗೆ ಹೋಗುವಾಗ ಎರಡು, ಬರುವಾಗ ಎರಡು. ಸ್ವಲ್ಪ ಬಂಗುಡೆ ಸಾರು. ಮುಳ್ಳು ತೆಗ್ದಿದ್ದೆ!"

ಚಿಮುಟಿ ಒಂದು ಎಲುಬಿನ ಚೂರನ್ನು ಎತ್ತಿತು. ಹಮೀದಾಕ ಗೋಡೆಯ ಕ್ಯಾಲೆಂಡರು ಓದಲು ಶುರುಮಾಡಿದರು.

"ಹಮೀದಾಕ?"

"ನಾನು ಮುಟ್ಲಿಲ್ಲ ಮಾರಾಯ, ಅಲ್ಲಾನಾಣೆ! ಕಾಗದದಲ್ಲಿ ಇಟ್ಟು ದೂರ ನಿಂತದ್ದು. ಅದು ಹಸಿದು ನೋಡುವಾಗ ನಾವು ಬಿರಿಯಾನಿ ತಿಂದ್ರೆ ಗಂಟಲಲ್ಲಿ ಇಳೀಬೇಕಲ್ಲ?"

ಮೊಸರನ್ನದ ಅಗುಳುಗಳು ಬಂದಾಗ ಯಾರೂ ಕೇಳಬೇಕಾಗಲಿಲ್ಲ. "ಬರೀ ಒಂದು ಹಿಡಿ" ಎಂದಳು ಸುಜಾತ. "ಮಧ್ಯಾಹ್ನ ಅಡುಗೆಮನೆಗೆ ಬಂದು ಕಾಲ ಮೇಲೆ ತಲೆ ಇಡ್ತದೆ. ನೀವು ಒಂಬತ್ತು ವರ್ಷದಲ್ಲಿ ಒಂದು ಸಲ ಅಡುಗೆಮನೆಗೆ ಬಂದಿದ್ದೀರಾ?"

ಡಾಕ್ಟರು ಕೊನೆಯದಾಗಿ ಕಂದು ಬಣ್ಣದ ಒಂದು ದೊಡ್ಡ ತುಂಡನ್ನು ಎತ್ತಿ ಹಿಡಿದರು. ಬೇಯಿಸಿದ ಕುರಿಯ ಲಿವರ್.

"ಇದು ಯಾರದ್ದು?"

ಫ್ಲೇವಿ ಬಾಯಿ ಹಮೀದಾಕನನ್ನು ನೋಡಿದರು. ಹಮೀದಾಕ ಸುಜಾತಳನ್ನು ನೋಡಿದರು. ಸುಜಾತ ನನ್ನನ್ನು ನೋಡಿದಳು.

"ನನ್ನದು" ಎಂದೆ.

ಐದನೆಯ ದಿನದಿಂದ ಭಯವಾಗಿ, ಎಲ್ಲರೂ ಏಳುವ ಮೊದಲು ಕಾಲು ಕಿಲೋ ಬೇಯಿಸಿ ತಿನ್ನಿಸುತ್ತಿದ್ದೆ. ಅದನ್ನು ಗ್ರಾಫಿನಲ್ಲಿ ಹಾಕಿರಲಿಲ್ಲ. ನಾನು ಅದನ್ನು ಔಷಧಿ ಎಂದು ಪರಿಗಣಿಸಿದ್ದೆ, ಆಹಾರವೆಂದಲ್ಲ!

"ಬೇಯಿಸಿದ ಎಲುಬು ಕರುಳು ಸೀಳಬಹುದು" ಎಂದರು ಡಾಕ್ಟರು. ಅವರ ದನಿ ಮೊದಲ ಸಲ ಗಟ್ಟಿಯಾಯಿತು. "ಸಾರಿನ ಈರುಳ್ಳಿ ರಕ್ತ ಕೆಡಿಸುತ್ತದೆ. ನೀವೆಲ್ಲ ಒಳ್ಳೆಯವರು. ನೀವು ನಾಲ್ಕು ಜನ ಒಳ್ಳೆಯವರು ಇನ್ನೊಂದು ತಿಂಗಳು ಸಿಕ್ಕಿದ್ದರೆ ಈ ನಾಯಿ ಉಳಿಯುತ್ತಿರಲಿಲ್ಲ."

ಮನೆ ಮುಟ್ಟಿದಾಗ ಕಟ್ಟಡ ಕಾಯುವ ಹಾರಿಸ್ ಕುರ್ಚಿಯಿಂದ ಎದ್ದು, ಅಕ್ಕರೆಯಿಂದ ಸ್ಯಾಂಡಿಯನ್ನು ಕರೆದು, ಜೇಬಿನಿಂದ ಅರ್ಧ ಖುಬ್ಬೂಸ್ ರೊಟ್ಟಿ ತೆಗೆದ! ನಾವು ನಾಲ್ವರೂ ಒಟ್ಟಿಗೆ "ಲಾ! ಲಾ! ಬೇಡ, ಬೇಡ!" ಎಂದು ಅವನ ಮೇಲೆ ಬಿದ್ದೆವು.

ಉಳಿದ ಆರು ದಿನ ಸೂಚನೆಯಂತೆಯೇ ನಡೆಯಿತು. ಕಾಳು, ನೀರು, ಬ್ರಷ್, ಸೂರ್ಯ ಹುಟ್ಟುವ ಮೊದಲು ತಿರುಗಾಟ. ಹಸಿದಾಗ ಸ್ಯಾಂಡಿ ಕಾಳನ್ನು ಕಡುಬಿನಂತೆ ತಿಂದಿತು. ಆದರೆ ಇಳಿದದ್ದು ಬರೀ ಅರ್ಧ ಕಿಲೋ.

ಪೀಟರ್ ಸಾಹೇಬರು ಬಂದರು. ಸ್ಯಾಂಡಿ ಓಡಿ ಹೋಗಿ ಅವರ ಮೇಲೆ ಹಾರಿತು. ಸಾಹೇಬರು ಕುಸಿದು ಕೂತರು. ಸ್ಯಾಂಡಿಯ ಬೆಲ್ಟಿನ ತೂತುಗಳನ್ನು ಎಣಿಸಿದರು. ಮೂರು ಆಚೆಗೆ. ಸುಳ್ಳು ಹೇಳಲು ಎಷ್ಟೋ ದಾರಿ ಇತ್ತು. ಆದರೆ ಮುಂದೆ ನಾಯಿಗೆ ಏನಾದರೂ ಆದರೆ ಕಾರಣ ಅವರಿಗೆ ಗೊತ್ತಿರಬೇಕಲ್ಲ? ಎಲ್ಲವನ್ನೂ ಹೇಳಿದೆ, ಡಾಕ್ಟರ ಚೀಟಿ ಕೊಟ್ಟೆ, ಲಿವರನ್ನೂ ಬಿಡಲಿಲ್ಲ. ಸಾಹೇಬರು ಚೀಟಿಯನ್ನು ಮಡಚಿ ಜೇಬಿಗಿಟ್ಟು ನಾಯಿಯನ್ನು ಕರೆದುಕೊಂಡು ಹೋದರು.

"ಆಯ್ತು ಬಿಡಿ" ಎಂದಳು ಸುಜಾತ. "ಕಂಬಳಿ ಒಗೆದು ಇಟ್ಟಿದ್ದೇನೆ."

ನಾಲ್ಕನೆಯ ದಿನ ಟೈಮ್ ಆಫೀಸಿನಿಂದ ಪತ್ರ ಬಂತು. ಜನರಲ್ ಡ್ಯೂಟಿ! ನಾನು ಕುಣಿಯುತ್ತಾ ಮನೆಗೆ ಬಂದೆ. ಪದವಿಗೆ ಕಡೆಗೂ ಬೆಲೆ ಬಂತು ಎಂದು ಮೆಟ್ಟಿಲ ಮೇಲೇ ಭಾಷಣ ಶುರುಮಾಡಿದೆ. ಫ್ಲೇವಿ ಬಾಯಿ, ಹಮೀದಾಕ ಇಬ್ಬರೂ ಬಂದು ಸೋಫಾದಲ್ಲಿ ಕೂತರು. "ಮಗಳೇ, ಗಟ್ಟಿಯಾಗಿ ಓದು, ಎಲ್ಲರಿಗೂ ಕೇಳಲಿ" ಎಂದು ಪತ್ರವನ್ನು ಸ್ವಾತಿಯ ಕೈಗೆ ಕೊಟ್ಟೆ. ಮೊದಲ ಸಾಲು ಬಿಟ್ಟು ನಾನೂ ಓದಿರಲಿಲ್ಲ.

ಅವಳು ಶಾಲೆಯ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಓದಿದಳು. ಅದರ ಸಾರಾಂಶ ಇಷ್ಟು: ಸ್ಯಾಂಡಿಯ ತೂಕ ಇಳಿಸುವುದು ತುರ್ತು ಅಗತ್ಯ. ಸ್ಯಾಂಡಿಗೆ ಮೂರು ತಿಂಗಳ ಕಾಲ ಬೆಳಗ್ಗೆ ನಾಲ್ಕೂವರೆಗೆ ಮತ್ತು ಸಂಜೆ ಏಳಕ್ಕೆ ನಡಿಗೆ ಆಗಬೇಕು. ಸ್ಯಾಂಡಿಯ ಈ ಅನುಕೂಲವನ್ನು ಪರಿಗಣಿಸಿ, ಅದನ್ನು ನಡೆಸಿಕೊಂಡು ಹೋಗಲು ಸದರಿ ನೌಕರನನ್ನು ಶಿಫ್ಟಿನಿಂದ ಬಿಡುಗಡೆ ಮಾಡಲಾಗಿದೆ.

ಹಮೀದಾಕ ಕೆಮ್ಮಿದರು.

ಸ್ವಾತಿ ಪತ್ರವನ್ನು ಹಿಂದೆ ಮುಂದೆ ತಿರುಗಿಸಿದಳು. "ಅಪ್ಪಾ, ಹೂ ಈಸ್ ದಿಸ್ ಎಂಪ್ಲಾಯೀ?"

"ನಾನೇ ಮಗಳೇ."

"ಬಟ್ ಯುವರ್ ನೇಮ್ ಈಸ್ ನಾಟ್ ಹಿಯರ್. ಓನ್ಲಿ ನಂಬರ್."

ಇಸಿದುಕೊಂಡು ನೋಡಿದೆ. ಹೌದು, ನನ್ನ ಬ್ಯಾಡ್ಜಿನ ನಂಬರು ಮಾತ್ರ. ಬಿ.ಎಸ್ಸಿ. ಎಲ್ಲೂ ಇರಲಿಲ್ಲ. ಸ್ಯಾಂಡಿಯ ಹೆಸರು ಮೂರು ಕಡೆ ಇತ್ತು!