ಅಳತೆರಾಯನ ಗುಡ್ಡದ ಹುಳ

ಜಡ್ಜ್ ಸಾಹೇಬರು ಬೆಳಿಗ್ಗೆ ಏಳಕ್ಕೆ ತಾರಸಿಯ ಕುಂಡದಿಂದ ಬಾಡಿದ ಟೊಮೆಟೊ ಗಿಡವೊಂದನ್ನು ಕಿತ್ತು ನೋಡಿದ್ದೇ ಎಲ್ಲದಕ್ಕೂ ಮೂಲ. ಬೇರಿನ ತುಂಬ ಗಂಟು, ಮಣಿಸರ ಪೋಣಿಸಿದ ಹಾಗೆ. ಇನ್ನೊಂದು ಕಿತ್ತರು, ಅದರಲ್ಲೂ ಗಂಟು. ಸಾಹೇಬರು ನಿವೃತ್ತರಾಗಿ ವರ್ಷಗಳೇ ಕಳೆದಿದ್ದರೂ ತೀರ್ಪು ಕೊಡುವ ಚಟ ಬಿಟ್ಟಿರಲಿಲ್ಲ. ಮನೆ ಅವರದು. ಬಾಡಿಗೆಗೆ ಕೊಟ್ಟಿದ್ದು ಎರಡೇ ಕಡೆ. ಕೆಳಗಿನ ಅಂಗಡಿಯಲ್ಲಿ ಟೈಲರ್, ತಾರಸಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಅಳತೆರಾಯ ಮತ್ತು ಅವನ ಹೆಂಡತಿ. ಟೈಲರ್ ಬಟ್ಟೆ ಹೊಲಿಯುತ್ತಾನೆ. ಅಳತೆರಾಯನ ನೌಕರಿ ಗಿಡದ ಬೇರು ತಿನ್ನುವ ಹುಳಗಳ ಪ್ರಯೋಗಾಲಯದಲ್ಲಿ. ಆರೋಪಿ ಯಾರೆಂದು ಸಾಹೇಬರು ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ.

"ರೀ ಅಳತೆರಾಯರೇ, ಹೊರಗೆ ಬನ್ನಿ. ನಿಮ್ಮ ಮೇಲೆ ಕೇಸಿದೆ."

ಅಳತೆರಾಯ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಣ್ಣಿಗೇ ಕಾಣದ ಹುಳದ ಉದ್ದ, ದಪ್ಪ, ಬಾಲ, ಬಾಯೊಳಗಿನ ಸೂಜಿ ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿ, ಇದು ಇಂಥದೇ ಜಾತಿ ಎಂದು ಹೇಳುವುದು ಹದಿನಾರು ವರ್ಷಗಳಿಂದ ಅವನ ಕೆಲಸ. ಹೇಳಿದ ಮೇಲೆ "ನೂರಕ್ಕೆ ನೂರು" ಎಂದು ಸೇರಿಸುವುದು ಅಭ್ಯಾಸ. ತರಕಾರಿ ಅಂಗಡಿಯಲ್ಲಿ ಬೀನ್ಸ್ ಆರಿಸುವಾಗಲೂ ಸೇರಿಸುತ್ತಿದ್ದ.

ಹಲ್ಲುಜ್ಜುತ್ತಿದ್ದವನು ಬ್ರಶ್ಶಿನ ಸಮೇತ ಬಂದು ಬೇರನ್ನು ನೋಡಿದ್ದೇ ಮುಖ ಅರಳಿಸಿದ.

"ಅಬ್ಬಾ, ಎಷ್ಟು ಚೆನ್ನಾಗಿ ಗಂಟು ಕಟ್ಟಿದೆ ಸಾರ್! ಇದು ಬೇರುಗಂಟಿನ ಹುಳ."

"ಹುಳದ ಪರಿಚಯ ಇದೆ ಅಂತ ಒಪ್ಕೊಂಡ್ರಿ," ಎಂದರು ಸಾಹೇಬರು. "ಈ ಬೀದೀಲಿ ಹುಳ ಸಾಕೋರು ನೀವೊಬ್ರೇ. ನಿಮ್ಮ ಚಪ್ಪಲಿಯಲ್ಲೋ ಚೀಲದಲ್ಲೋ ಬಂದಿದೆ. ಇಪ್ಪತ್ತೆರಡು ಕುಂಡ ಹಾಳಾಯ್ತು. ಮನೆ ಖಾಲಿ ಮಾಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಆಸಾಮಿ ಅಳತೆರಾಯನಲ್ಲ. ಎದೆ ಸೆಟೆಸಿ ನಿಂತ.

"ಸಾರ್, ನಮ್ಮ ಲ್ಯಾಬಲ್ಲಿ ಸಾಕೋದು ಒಂದೇ ಜಾತಿ, ಗುಡ್ಡದ ಹುಳ. ಒಂಬತ್ತು ವರ್ಷದ ಹಿಂದೆ ನಾನೇ ಗುಡ್ಡ ಹತ್ತಿ ಮಣ್ಣು ತಂದು ಕಂಡುಹಿಡಿದಿದ್ದು. ಜಗತ್ತಲ್ಲಿ ಆ ಗುಡ್ಡ ಬಿಟ್ರೆ ಬೇರೆಲ್ಲೂ ಇಲ್ಲ. ನಿಮ್ಮ ಕುಂಡದ್ದು ಯಾವುದೋ ನರ್ಸರಿಯಿಂದ ಬಂದ ಬೀದಿ ಹುಳ. ಅಳೆದು ತೋರಿಸ್ತೀನಿ. ನಮ್ಮದೇ ಅಂತಾದ್ರೆ ನೀವು ಹೇಳಿದ ಶಿಕ್ಷೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಯಾಕೋ ಬಿಳುಚಿತು. "ಅಳೆಯೋದೆಲ್ಲ ಯಾಕ್ರೀ? ಹೊಸ ಮಣ್ಣು ತಂದು ಹಾಕಿದ್ರಾಯ್ತಪ್ಪ," ಎಂದಳು.

"ನಿನಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು," ಎಂದ ಅಳತೆರಾಯ. ಮುಂದೆ ಆ ದಿನ ಅವನು ಪಶ್ಚಾತ್ತಾಪಪಟ್ಟ ಮಾತುಗಳಲ್ಲಿ ಇದು ಮೊದಲನೆಯದು.

ಗಲಾಟೆ ಕೇಳಿ ಮೆಟ್ಟಿಲು ಹತ್ತಿ ಬಂದಿದ್ದ ಟೈಲರ್ ಕೊರಳ ಟೇಪನ್ನು ಸರಿಮಾಡಿಕೊಂಡು ಹೇಳಿದ: "ಅಳತೆ ನಂಬ್ಕೊಂಡು ಪಂಥ ಕಟ್ಬೇಡಿ ಅಣ್ಣ. ಮದುವೆಗೆ ಮುಂಚೆ ಅಳತೆ ಕೊಟ್ಟೋರು ಮದುವೆ ಆದ್ಮೇಲೆ ಬಂದ್ರೆ ನಂಗೇ ಗುರುತು ಸಿಗಲ್ಲ."

"ಇದು ಪ್ಯಾಂಟಲ್ಲ, ವಿಜ್ಞಾನ," ಎಂದು ಅಳತೆರಾಯ ಒಂದು ಗಂಟುಬೇರನ್ನು ಡಬ್ಬಿಗೆ ಹಾಕಿಕೊಂಡು ಹೊರಟ. ಉಳಿದ ಗಿಡಗಳನ್ನು ಸಾಹೇಬರು ಆಗಲೇ ಕಿತ್ತು ಸುಡಲು ಶುರುಮಾಡಿದ್ದರು.

ಪ್ರಯೋಗಾಲಯದ ಹಜಾರದಲ್ಲಿ ಗುಡ್ಡದ ಹುಳದ ಆಳೆತ್ತರದ ಫೋಟೋ ಇತ್ತು. ಹುಳಕ್ಕೆ ನಿರ್ದೇಶಕರು ತಮ್ಮದೇ ಹೆಸರಿಟ್ಟುಕೊಂಡಿದ್ದರು. ಅಳತೆ ಮಾಡಿದ್ದಕ್ಕೆ ಅಳತೆರಾಯನಿಗೆ ಬಡ್ತಿ ಸಿಕ್ಕಿತ್ತು. ಫೋಟೋಗೆ ದಿನಾ ಮಾಡುವಂತೆ ತಲೆಬಾಗಿ, ಅವನು ಕೆಲಸಕ್ಕೆ ಕೂತ. ಬೇರಿನಿಂದ ಮರಿಹುಳಗಳನ್ನು ಬಿಡಿಸಿ, ಹನಿ ನೀರಿನಲ್ಲಿ ಬಿಸಿ ಮುಟ್ಟಿಸಿದ. ಬಿಸಿಗೆ ಸತ್ತ ಹುಳ ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ಮಲಗುತ್ತದೆ, ಅಳೆಯಲು ಸಲೀಸು. ಇಪ್ಪತ್ತು ಹುಳ ಅಳೆದ. ಗುಡ್ಡದ ಹುಳಕ್ಕಿಂತ ಇವು ಉದ್ದ, ಬಾಲವೂ ಉದ್ದ. ಖುಷಿಯಿಂದ ಸಾಹೇಬರಿಗೆ ಫೋನು ಹಚ್ಚಿದ.

"ಸಾರ್, ನಾನು ನಿರಪರಾಧಿ. ಬಾಲವೇ ಸಾಕ್ಷಿ. ನೂರಕ್ಕೆ ನೂರು."

"ಒಂದೇ ಸಾಕ್ಷಿ ನಂಬಿ ನಾನು ಯಾವತ್ತೂ ಯಾರನ್ನೂ ಬಿಟ್ಟಿಲ್ಲ," ಎಂದರು ಸಾಹೇಬರು. "ಇನ್ನೊಂದು ತನ್ನಿ."

ಇನ್ನೊಂದು ಸಾಕ್ಷಿ ಪಕ್ಕದ ಕೋಣೆಯಲ್ಲಿ ಇತ್ತು. ಅಲ್ಲಿ ಕೂರುವವಳು ಹೊಸದಾಗಿ ಸೇರಿದ ಜೀನ್ ಮೇಡಂ. ಹುಳವನ್ನು ಅಳೆಯುವುದಿಲ್ಲ, ಜಜ್ಜುತ್ತಾಳೆ. ಜಜ್ಜಿದ ರಸವನ್ನು ಯಂತ್ರಕ್ಕೆ ಕೊಟ್ಟರೆ ಅದು ಹುಳದ ವಂಶಾವಳಿಯನ್ನೇ ಅಕ್ಷರ ಅಕ್ಷರವಾಗಿ ಒದರುತ್ತದೆ. ಅಳತೆರಾಯನಿಗೆ ಆ ಯಂತ್ರದ ಮೇಲೆ ಸವತಿಮತ್ಸರ. ಆದರೂ ಗೆಲ್ಲುವ ಕುದುರೆಗೆ ಇನ್ನೊಂದು ಮೈದಾನವಾದರೇನು ಎಂದು ಉಳಿದ ಹುಳಗಳನ್ನೆಲ್ಲ ಬೇರಿನ ಸಮೇತ ಜಜ್ಜಲು ಒಪ್ಪಿಸಿದ.

ಮಧ್ಯಾಹ್ನ ಒಂದು ಗಂಟೆಗೆ ಮೇಡಂ ಕರೆದಳು. ಅವಳು ಬಾಯಿ ತೆರೆಯುವ ಮೊದಲೇ ಅಳತೆರಾಯ ಸಾಹೇಬರಿಗೆ ಫೋನು ಮಾಡಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. "ಹೇಳಿ ಮೇಡಂ, ಜೋರಾಗಿ ಹೇಳಿ. ಸಾಹೇಬ್ರೂ ಕೇಳಿಸ್ಕೊಳ್ಲಿ."

"ನಮ್ಮ ಗುಡ್ಡದ ಹುಳಾನೇ ಸಾರ್. ಒಂದಕ್ಷರವೂ ವ್ಯತ್ಯಾಸ ಇಲ್ಲ."

"ಮತ್ತೆ ಬಾಲ?"

"ಟೊಮೆಟೊ ಬೇರು ಹೊಟ್ಟೆ ತುಂಬ ತಿಂದು ಬೆಳೆದಿದೆ ಸಾರ್. ಪಾಪ, ನಾವು ಸಾಕೋದು ಅರೆಹೊಟ್ಟೆ ಹುಳ."

ಮೇಜಿನ ಮೇಲಿನ ಫೋನಿನಿಂದ ಮೊದಲು ಟೈಲರ್ ನಕ್ಕಿದ್ದು ಕೇಳಿಸಿತು, ಆಮೇಲೆ ತೀರ್ಪು. "ಸಂಜೆ ಒಳಗೆ ಇಪ್ಪತ್ತೆರಡು ಕುಂಡದ ಮಣ್ಣೂ ಹಬೆಯಲ್ಲಿ ಬೇಯಬೇಕು. ಒಂದು ಹುಳ ಉಳಿದ್ರೂ ನಾಳೆ ಬೆಳಿಗ್ಗೆ ಮನೆ ಖಾಲಿ."

ಅಳತೆರಾಯ ಇಂಗು ತಿಂದ ಮಂಗನಂತೆ ನಿಂತ. "ಮೇಡಂ, ದಯವಿಟ್ಟು ನಿರ್ದೇಶಕರಿಗೆ ಹೇಳ್ಬೇಡಿ. ಲ್ಯಾಬಿನ ಹುಳ ಹೊರಗೆ ಬಿಟ್ಟೆ ಅಂತ ಕೆಲಸದಿಂದ ತೆಗೀತಾರೆ," ಎಂದು ಕೈಮುಗಿದು, ಅರ್ಧ ದಿನದ ರಜೆ ಬರೆದು ಮನೆಗೆ ಓಡಿದ.

ಮಧ್ಯಾಹ್ನವೆಲ್ಲ ತಾರಸಿಯ ಮೇಲೆ ಎರಡು ಡ್ರಮ್ಮು, ಎರಡು ಒಲೆ. ಗಂಡ ಮಣ್ಣು ತುಂಬಿದ, ಹೆಂಡತಿ ಉರಿ ನೋಡಿಕೊಂಡಳು. ಟೈಲರ್ ಅಂಗಡಿ ಮುಚ್ಚಿ ಬಂದು ಕುರ್ಚಿ ಹಾಕಿಕೊಂಡು ಸಲಹೆ ಕೊಟ್ಟ. ಸಾಹೇಬರು ಕುಂಡಗಳನ್ನು ಎಣಿಸಿದರು. ಐದೂವರೆಗೆ ಕೊನೆಯ ಕುಂಡದ ಮಣ್ಣೂ ಬೆಂದು ಮತ್ತೆ ಕುಂಡ ಸೇರಿತು. ನೋಡುವವರು ಇಬ್ಬರೂ ಕೆಳಗಿಳಿದು ಹೋದರು. ಅಳತೆರಾಯ ಮಸಿ ಮೆತ್ತಿದ ಮುಖದಲ್ಲಿ ಗೋಡೆಗೊರಗಿ ಕುಸಿದ. ಅವನಿಗೆ ನಿಜಕ್ಕೂ ಅಳು ಬರುತ್ತಿತ್ತು.

"ಹದಿನಾರು ವರ್ಷ ಕಣೇ. ಲ್ಯಾಬಿನ ಚಪ್ಪಲಿ ಬೇರೆ, ಮನೆ ಚಪ್ಪಲಿ ಬೇರೆ. ಉಗುರಿನ ಸಂದಿ ಕೂಡ ಉಜ್ಜಿ ತೊಳ್ಕೊಂಡು ಬರ್ತೀನಿ. ಅದು ಇಲ್ಲಿಗೆ ಹೇಗೆ ಬಂತು?"

ಹೆಂಡತಿ ಸೆರಗಿನ ತುದಿಯನ್ನು ಸುತ್ತಿದಳು, ಬಿಡಿಸಿದಳು.

"ಅದು ಬಂದಿಲ್ಲ ರೀ. ಇಲ್ಲಿಂದ ಹೋಗಿದ್ದು."

"ಏನಂದೆ?"

"ಬೈಯಬೇಡಿ. ಒಂಬತ್ತು ವರ್ಷದ ಹಿಂದೆ ಗುಡ್ಡದಿಂದ ಒಂದು ಚೀಲ ಮಣ್ಣು ತಂದು ಬಚ್ಚಲ ಹತ್ರ ಇಟ್ಟು ಮಲಗಿದ್ರಲ್ಲ? ಮಣ್ಣು ತುಂಬ ಚೆನ್ನಾಗಿದೆ ಅಂತ ನಾನು ಅದನ್ನೆಲ್ಲ ಬೇರೆ ಕುಂಡಕ್ಕೆ ಸುರಿದು ಗುಲಾಬಿ ಕಡ್ಡಿ ನೆಟ್ಬಿಟ್ಟೆ. ಬೆಳಿಗ್ಗೆ ಎದ್ದು ನೀವು, ಚೀಲ ಹುಷಾರು, ಪ್ರಾಣಕ್ಕಿಂತ ಹೆಚ್ಚು, ಅಂದ್ರಿ. ಹೊಸ ಮದುವೆ, ನಂಗೆ ಹೆದರಿಕೆ. ನೀವು ಸ್ನಾನಕ್ಕೆ ಹೋದಾಗ ಸಾಹೇಬ್ರ ಟೊಮೆಟೊ ಕುಂಡದಿಂದ ಬಗೆದು ಚೀಲ ತುಂಬಿಸಿಟ್ಟೆ. ಆಗಲೂ ಬೇರಲ್ಲಿ ಇಂಥದೇ ಮಣಿ ಇತ್ತು. ಟೊಮೆಟೊ ಬೇರು ಇರೋದೇ ಹಂಗೆ ಅಂದ್ಕೊಂಡಿದ್ದೆ."

ಅಳತೆರಾಯ ಎದ್ದು ನಿಂತ. ಅವನ ಎದೆ ಹಗುರಾಯಿತು. ನಿರಪರಾಧಿ! ಹುಳ ಸಾಹೇಬರದ್ದೇ! ಮೂರು ಮೂರು ಮೆಟ್ಟಿಲು ಹಾರುತ್ತ ಕೆಳಗೋಡಿದ. ಸಾಹೇಬರ ಬಾಗಿಲು ತಟ್ಟಲು ಕೈ ಎತ್ತಿದವನು ಹಾಗೇ ನಿಂತುಬಿಟ್ಟ.

ಸತ್ಯ ಹೇಳಿದರೆ ಮಾನವೇನೋ ಉಳಿಯುತ್ತದೆ. ಆದರೆ ಆಮೇಲೆ ಗುಡ್ಡದ ಹುಳ ಎಲ್ಲಿ ಉಳಿಯುತ್ತದೆ? ಜನ ಗುಡ್ಡ ಅಗೆದು ಇಲಿ ಹಿಡಿಯುತ್ತಾರೆ. ಇವನು ಗುಡ್ಡ ಹತ್ತಿ ಬಂದು ಮನೆಯ ಕುಂಡದ ಹುಳ ಹಿಡಿದಿದ್ದ. ನಿರ್ದೇಶಕರ ಹೆಸರು, ಹಜಾರದ ಫೋಟೋ, ತನ್ನ ಬಡ್ತಿ, ಎಲ್ಲದರ ತವರುಮನೆ ಈ ತಾರಸಿ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಮೇಲೆ ಬಂದ.

"ಇದು ನಿನ್ನ ಹೊಟ್ಟೇಲೇ ಇರ್ಲಿ," ಎಂದ ಹೆಂಡತಿಗೆ. "ತಪ್ಪು ನಂದೇ ಅಂತ ಇರ್ಲಿ. ಮಣ್ಣು ಬೆಂದಿದೆ, ಮನೆ ಉಳಿದಿದೆ, ಕೆಲಸವೂ ಉಳಿದಿದೆ. ಇನ್ನು ಯಾರೂ ನಮ್ಮನ್ನ ಅಲ್ಲಾಡಿಸಕ್ಕಾಗಲ್ಲ. ನೂರಕ್ಕೆ ನೂರು."

ಫೋನು ಬಂತು. ನಿರ್ದೇಶಕರದು.

"ನೋಡ್ರಿ, ಲ್ಯಾಬಿನ ಏಸಿ ಕೆಟ್ಟು, ಹುಳ ಸಾಕೋ ಕೋಣೆ ಕುಲುಮೆ ಆಗಿತ್ತಂತೆ. ಈಗ ನೋಡಿದ್ರೆ ಒಂದು ಹುಳವೂ ಜೀವಂತ ಇಲ್ಲ. ನಾಡಿದ್ದು ವಿದೇಶದಿಂದ ತಜ್ಞರು ಬರ್ತಿದ್ದಾರೆ, ನನ್ನ ಹುಳಾನ ಜೀವಂತ ನೋಡ್ಬೇಕಂತೆ. ಗುಡ್ಡದಲ್ಲಿ ಅದು ಸಿಗೋ ಜಾಗ ಗೊತ್ತಿರೋದು ನಿಮಗೊಬ್ರಿಗೇ. ನಾಳೆ ಬೆಳಿಗ್ಗೆ ಹೋಗಿ ಒಂದು ಚೀಲ ಮಣ್ಣು ತನ್ನಿ. ಜವಾಬ್ದಾರಿ ನಿಮ್ಮದು. ಬರಿಗೈಲಿ ಬಂದ್ರೆ ಮತ್ತೆ ಬರೋದೇ ಬೇಡ."

ಒಂದು ಕ್ಷಣ ಅಳತೆರಾಯನಿಗೆ ನಗುವೇ ಬಂತು. ಗುಡ್ಡ ಯಾಕೆ, ಜಾಗ ಹತ್ತು ಹೆಜ್ಜೆಯಲ್ಲೇ ಇದೆಯಲ್ಲ ಎಂದು ಕುಂಡಗಳತ್ತ ತಿರುಗಿದ. ಇಪ್ಪತ್ತೆರಡು ಕುಂಡಗಳಿಂದಲೂ ಇನ್ನೂ ಹಬೆಯಾಡುತ್ತಿತ್ತು.

ಅಷ್ಟರಲ್ಲಿ ಜಡ್ಜ್ ಸಾಹೇಬರು ಮೇಲೆ ಬಂದರು. ಬೆರಳಿನಿಂದ ಬಿಸಿ ಮಣ್ಣು ಮುಟ್ಟಿ ನೋಡಿ, ಕನ್ನಡಕದ ಮೇಲಿನಿಂದ ದಿಟ್ಟಿಸಿದರು.

"ಒಂದೇ ಒಂದು ಹುಳವೂ ಜೀವಂತ ಉಳಿದಿಲ್ಲ ತಾನೆ?"

"ಇಲ್ಲ ಸಾರ್," ಎಂದ ಅಳತೆರಾಯ ಅಳುವ ದನಿಯಲ್ಲಿ. "ಇಲ್ಲೂ ಇಲ್ಲ, ಎಲ್ಲೂ ಇಲ್ಲ. ನೂರಕ್ಕೆ ನೂರು."

ಹದಿನಾರು ವರ್ಷಗಳ ನೌಕರಿಯಲ್ಲಿ ಅವನು ಅಷ್ಟು ಕರಾರುವಾಕ್ಕಾಗಿ ಹೇಳಿದ್ದು ಅದೇ ಮೊದಲು.